ಹೆರಾಲ್ಡ್ ಕೊಡುವುದಿದೆ

ಮೊದಲು ಬಂದವನು ಮೈಲೇಜ್ ಕೇಳಿದ.
ಚಾ ಕೊಟ್ಟು ಕಳಿಸಿದೆ.

ಪಣಂಬೂರಿನ ಹೋಟೆಲಿನವರಿಗೆ
ಬಾಗಿಲ ಬಳಿ ನಿಲ್ಲಿಸಲಿಕ್ಕಂತೆ,
ಇಂಜಿನ್ ಬೇಡವಂತೆ,
ಬಾನೆಟ್ಟಿನೊಳಗೆ ಹೂಕುಂಡ ಇಡುತ್ತಾರಂತೆ!
ಅವರಿಗೆ ಚಾ ಕೂಡ ಇಲ್ಲ.

ಆಮೇಲೆ ಉಳ್ಳಾಲದ ಜುಲೈಕಾ.
ಅಪ್ಪನ ಗ್ಯಾರೇಜಿನ ಟಾರ್ಚು ಹಿಡಿದು
ಮಾತಿಲ್ಲದೆ ಅಡಿಗೆ ನುಸುಳಿದಳು.
ನಾನು ಬಣ್ಣ ಬಳಿದು ಅಡಗಿಸಿದ್ದ,
ಕಡಲಗಾಳಿ ತಿಂದ ತೂತನ್ನು
ಉಗುರಲ್ಲಿ ಕೆರೆದು,
"ಇದನ್ನು ಮುಚ್ಚಿದ್ದು ಯಾರು ಮಾರಾಯ್ರೆ?"

ನಾನೇ, ಅಂದೆ.
ಬಾವುಟಗುಡ್ಡೆಯ ಏರಿನಲ್ಲಿ
ಎರಡನೇ ಗೇರ್ ಜಾರುವುದನ್ನೂ
ಕೇಳದೆಯೇ ಹೇಳಿಬಿಟ್ಟೆ.
ಮಳೆಗೆ ವೈಪರ್ ಹೆದರುವುದನ್ನೂ,
ಡಿಕ್ಕಿಯಲ್ಲಿ ಅದಕ್ಕೇ ಇಟ್ಟ ಕೊಡೆಯನ್ನೂ.

ಅವಳು ಹತ್ತು ಸಾವಿರ ಇಳಿಸಿದಳು.
ನಾನು ಇನ್ನೈದು ಇಳಿಸಿದೆ.

ಜಗಲಿಯಲ್ಲಿ ಎರಡು ಲೋಟ ಚಾ
ಕೆನೆಗಟ್ಟಿತ್ತು.