ಇಲ್ಕಾ ಕನ್ನಡಕ ಹುಡುಕುತ್ತಾಳೆ

ಘಾಟ್ಕೋಪರಿನಲ್ಲಿ ಆಟ ಬಿಟ್ಟಾಗ ಹನ್ನೆರಡು ದಾಟಿತ್ತು.
ಎಸ್ಕಲೇಟರು ಆಗಲೇ ಬಂದ್.
ಇನ್ನೂರು ಜನ ನಡೆದೇ ಇಳಿದೆವು,
ಕಬ್ಬಿಣದ ಮೆಟ್ಟಿಲ ಮೇಲೆ ಇನ್ನೂರು ಬಗೆಯ ಮೌನ.

ಇಪ್ಪತ್ತಾರು ವರ್ಷ ಕಾದದ್ದು ಇದಕ್ಕೆ.
ಆಗ, ಮೂರನೇ ಭಾಗದ ಕೊನೆಗೆ,
ಇಲ್ಕಾ ಹೊರಗಿನಿಂದ ಬಾಗಿಲು ಮುಚ್ಚಿ
ಹಡಗನ್ನು ಉಳಿಸಿ
ತಾನು ಕತ್ತಲಿಗೆ ತೇಲಿಹೋಗಿದ್ದಳು,
ಕೈಯಲ್ಲೊಂದು ಪಾನಾ.
ಕುರ್ಲಾ ಕಾರ್‌ಶೆಡ್ಡಿನಲ್ಲಿ ಮೂರು ದಿನ ಅದೇ ಮಾತು.
ಸತ್ತಳು ಎಂದವನು ರೆಬೆಲೊ.
ಸಾಯುವವಳು ಪಾನಾ ಯಾಕೆ ಹಿಡಿದಿರುತ್ತಾಳೆ
ಎಂದವನು ನಾನು.
ಪಂಥ: ಒಂದು ಕಟಿಂಗ್ ಚಹಾ.

ಬದುಕಿದ್ದಾಳೆ.
ಹೆಸರಿಲ್ಲದ ಯಾವುದೋ ಚಂದ್ರನ ಮೇಲೆ
ನೀರಿನ ಪಂಪು ರಿಪೇರಿ ಮಾಡುತ್ತಾಳೆ.
ತಲೆ ಬೆಳ್ಳಗೆ, ಮಂಡಿ ಹಿಡಿದಿದೆ,
ಮತ್ತೆ ಹಾರು, ಲೋಕ ಮುಳುಗುತ್ತಿದೆ
ಎಂದು ಓಡಿಬಂದ ಸೇನಾಪತಿಗೆ
ಬೂಟು ಹೊರಗೆ ಬಿಡು ಎನ್ನುತ್ತಾಳೆ.

ಮೆಟ್ಟಿಲ ತಿರುವಿನಲ್ಲೇ ಶುರುವಾಯಿತು.
ಜಾಕೀಟಿನ ಬೆನ್ನಿಗೆ ಹಡಗು ಹೊಲಿಸಿಕೊಂಡ ಹುಡುಗ
ಗೋಡೆಗೆ ಗುದ್ದಿದ: ‘ಮೋಸ!
ಅವಳನ್ನು ಅಜ್ಜಿ ಮಾಡಿಟ್ಟರು!’
ಜೊತೆಗಿದ್ದವಳು ಹೌದು ಹೌದು ಎನ್ನುತ್ತ
ದುಪಟ್ಟಾದ ತುದಿಯಲ್ಲಿ ಮೂಗೊರೆಸಿಕೊಂಡಳು,
ಅವನಿಗೆ ಕಾಣದ ಹಾಗೆ.

ರೆಬೆಲೊನ ಸಿಟ್ಟೇ ಬೇರೆ.
ಆಯುಷ್ಯವೆಲ್ಲ ಡಬ್ಬಿಗಳಿಗೆ ನಂಬರು ಬರೆದವನು,
ಸ್ಕೂಟರಿನ ಮುಂಭಾಗಕ್ಕೆ ಒಮ್ಮೆ ಇಲ್ಕಾಳನ್ನೇ ಬರೆದವನು.
‘ಆ ಕಾಲದ ಆಕಾಶ ಯಾರೋ ಕೈಯಲ್ಲಿ ಬಳಿದದ್ದು ಕಣಯ್ಯಾ,
ಮೂಲೆಯಲ್ಲಿ ಕುಂಚದ ಕೂದಲು ಕಾಣುತ್ತಿತ್ತು.
ಇದು ಬರೀ ಬೂದಿ.’

ಹಳೆಯ ಮೂರನ್ನೂ
ನನ್ನ ತೊಡೆಯ ಮೇಲೆ ನಿದ್ದೆಯಲ್ಲೇ ನೋಡಿ ಮುಗಿಸಿದ ಪೂರ್ವಾ
‘ಅಪ್ಪಾ, ಆ ಹೊಸಾ ಹುಡುಗಿ ಛಲೋ ಇದ್ಲು,
ಪಂಪು ಬಿಚ್ಚೋದು ಕಲೀತಾಳಲ್ಲಾ, ಅಕಿ’ ಅಂದಳು.
ಯಾರೂ ಅವಳ ಕಡೆ ನೋಡಲಿಲ್ಲ.

ನನ್ನದೂ ಒಂದು ತಕರಾರಿತ್ತು. ಹೇಳಿದೆ.
ಇಪ್ಪತ್ತೆಂಟು ವರ್ಷ ಲೋಕಲ್ ಓಡಿಸಿದವನು ನಾನು,
ಹನ್ನೆರಡು ಡಬ್ಬಿ ನಿಲ್ಲಬೇಕಾದರೆ
ಎಷ್ಟು ದೂರದಿಂದ ಮನಸ್ಸು ಮಾಡಬೇಕೆಂದು ಕೈಗೆ ಗೊತ್ತು.
ಅಷ್ಟು ದೊಡ್ಡ ಹಡಗು
ರಿಕ್ಷಾದ ಹಾಗೆ ಗಕ್ಕನೆ ನಿಲ್ಲುತ್ತದೆಯೇ?
ಸುಳ್ಳು, ಶುದ್ಧ ಸುಳ್ಳು.
ಎಲ್ಲರೂ ನಕ್ಕರು.

ಇನ್ನೊಂದನ್ನು ಹೇಳಲಿಲ್ಲ.
ನಡುವೆ ಒಂದು ಕಡೆ, ಸಂಗೀತವೂ ಇಲ್ಲದೆ,
ಇಲ್ಕಾ ಕನ್ನಡಕ ಹುಡುಕುತ್ತಾಳೆ.
ಬೆಂಚಿನ ಮೇಲೆ, ಎಣ್ಣೆ ಬಟ್ಟೆಯ ಕೆಳಗೆ,
ಪಂಪಿನ ಹೊಟ್ಟೆಯೊಳಗೆ.
ತಲೆಯ ಮೇಲೇ ಇರುತ್ತದೆ.
ಥಿಯೇಟರು ಘೊಳ್ಳೆಂದಿತು.
ನಾನು ಕತ್ತಲಲ್ಲಿ ನನ್ನ ತಲೆ ಮುಟ್ಟಿ ನೋಡಿಕೊಂಡೆ.

ಜೂನಿನಲ್ಲಿ, ಬೈಕುಳದ ಆಸ್ಪತ್ರೆಯಲ್ಲಿ,
ಕೊನೆಯ ಸಾಲಿನ ಅಕ್ಷರಗಳು
ಒಂದರೊಳಗೊಂದು ಕರಗಿಹೋದವು.
ಡಾಕ್ಟರು ಎರಡು ಸಲ ಅವಕಾಶ ಕೊಟ್ಟ, ಒಳ್ಳೆಯವನು.
ಈಗ ಲಾಬಿಯಲ್ಲಿ ಕೂತು
ಹೊರಡುವವರ ಹೆಸರು ಬರೆದುಕೊಳ್ಳುತ್ತೇನೆ.
ಗಾಡಿ ಹೋದ ಮೇಲೂ ಕೆಲವೊಮ್ಮೆ
ಎಡಗೈ ಮೇಜಿನ ಅಂಚನ್ನು ಒತ್ತಿ ಹಿಡಿದಿರುತ್ತದೆ.

ಪ್ಲಾಟ್‌ಫಾರ್ಮಿನಲ್ಲಿ ಚಹಾದ ಅಂಗಡಿಗೆ ಬೀಗ.
‘ಬಾಕಿ ಇರಲಿ’ ಎಂದ ರೆಬೆಲೊ,
ಜೇಬಿಗೆ ಹೋಗಿದ್ದ ಕೈ ಹೊರಗೆ ತೆಗೆಯುತ್ತ.
‘ಇನ್ನು ಈ ಕಡೆ ತಲೆ ಹಾಕಿ ಮಲಗೋದೂ ಇಲ್ಲ’
ಎಂದು ಆಣೆಯಿಟ್ಟ ಜಾಕೀಟಿನ ಹುಡುಗ,
ಉಸಿರು ತೆಗೆದುಕೊಂಡು,
‘ಮುಂದಿನದು ಯಾವಾಗಂತೆ?’ ಎಂದ.

ದೂರದಲ್ಲಿ ಬೆಳಕು ಕಂಡಿತು, ಕಲ್ಯಾಣದ ಕೊನೆಯ ಸ್ಲೋ.
ಹೊಸ ಹುಡುಗನಿರಬೇಕು, ಕೈ ಇನ್ನೂ ಕೂತಿಲ್ಲ,
ಅರ್ಧ ಡಬ್ಬಿ ಮುಂದೆ ತಂದು ನಿಲ್ಲಿಸಿದ.
ಬಾಗಿಲು ನಮ್ಮನ್ನು ದಾಟಿ ಹೋಗಿತ್ತು.
ಪೂರ್ವಾ ನನ್ನ ತೋಳು ಹಿಡಿದಳು,
ಬಯ್ಯುತ್ತ, ನಗುತ್ತ, ಎಲ್ಲರೂ ಓಡಿದೆವು.