ನಡಾವಳಿಯಲ್ಲಿ ಬಿಟ್ಟದ್ದು

ಅಯೋವಾದ ನಮ್ಮ ಕೌಂಟಿಯಲ್ಲಿ ಹತ್ತೊಂಬತ್ತು ವರ್ಷದಿಂದ
ಸಭೆಯ ನಡಾವಳಿ ಬರೆಯುವವಳು ನಾನು.
ಚರಂಡಿ, ಹಂದಿಯ ದೊಡ್ಡಿ, ಬೇಲಿಯ ಎತ್ತರ,
ಯಾರ ನಾಯಿ ಯಾರ ಕೋಳಿ ಹಿಡಿಯಿತು,
ಎಲ್ಲ ನನ್ನ ಕೈಯಲ್ಲೇ ದಾಖಲೆಯಾಗಿವೆ.
ಮಾತಾಡುವವರಿಗೆ ತಲಾ ಮೂರು ನಿಮಿಷ.
ಗಂಟೆ ಬಾರಿಸುವವಳೂ ನಾನೇ.

ಅಕ್ಟೋಬರ್ ಹದಿನಾಲ್ಕು. ವಿಷಯ ಸಂಖ್ಯೆ ಆರು.
ಅರ್ಜಿದಾರ ಫಿಕ್ರೆತ್ ಮುಯಾಗಿಚ್, ಬೋಸ್ನಿಯಾದವನು,
ಮಾಂಸದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ದುಡಿದು
ಬಲಗೈಯ ಎರಡು ಬೆರಳು ಅಲ್ಲೇ ಬಿಟ್ಟು ಬಂದವನು.
ಕೇಳಿದ್ದು ಖಬರಸ್ತಾನಕ್ಕೆ ಎರಡೂವರೆ ಎಕರೆ.
ಆರಡಿ ಮೂರಡಿಯ ಲೆಕ್ಕದಲ್ಲಿ
ಅವರ ಮಂದಿಗೆಲ್ಲ ನೂರು ವರ್ಷಕ್ಕೆ ಸಾಕು.
ದುಡ್ಡು ಕೊಟ್ಟಾಗಿದೆ, ಕ್ರಯಪತ್ರ ಆಗಿದೆ,
ಬೇಕಿದ್ದದ್ದು ಒಂದು ಠಸ್ಸೆ.

ಅಂದು ಕುರ್ಚಿ ಸಾಲದೆ
ಬೆಂಕಿ ಆರಿಸುವವರ ಶೆಡ್ಡಿನಿಂದ ತರಿಸಿದೆವು.

ಮೊದಲ ಮಾತು ನೀರಿನದು.
ಪೆಟ್ಟಿಗೆಯಿಲ್ಲದೆ ಬರೀ ಬಿಳಿ ಬಟ್ಟೆಯಲ್ಲಿ ಹೂಳುತ್ತಾರಂತೆ,
ಬಾವಿಗೆ ಇಳಿಯುತ್ತದಂತೆ.
ಹೇಳಿದವನ ಹೊಲದಂಚಿಗೆ
ನಾಲ್ಕು ಸಾವಿರ ಹಂದಿಗಳ ಹೇಲಿನ ಹೊಂಡವಿದೆ.
ಅದರ ಅನುಮತಿಯನ್ನು ಟೈಪು ಮಾಡಿದ್ದು ನಾನೇ.

ಎರಡನೆಯದು ವಾಹನಗಳದು.
ವರ್ಷಕ್ಕೆ ಎಷ್ಟು ಜನ ಸಾಯಬಹುದು ಎಂದು
ಅಧ್ಯಕ್ಷರು ಕೇಳಿದರು.
ಫಿಕ್ರೆತ್ ಬಹಳ ಹೊತ್ತು ಲೆಕ್ಕ ಹಾಕಿ
"ಆದಷ್ಟು ಕಡಿಮೆ ಸಾಯುತ್ತೇವೆ" ಎಂದ.
ಯಾರೂ ನಗಲಿಲ್ಲ.
ನಾನು ಬರೆದೆ: ಅರ್ಜಿದಾರರು ಸ್ಪಷ್ಟೀಕರಣ ನೀಡಿದರು.

ಆಮೇಲೆ ಎದ್ದವನು ಡ್ವೇನ್ ಕೆಟಲ್‌ಸನ್,
ನವೆಂಬರಿನ ಚುನಾವಣೆಯ ಉಮೇದುವಾರ.
ಅವನ ಮುಖ ಆಗಲೇ ಊರಿನ ಅರ್ಧ ಬೇಲಿಗಳ ಮೇಲಿತ್ತು.
ಧರ್ಮದ ಸ್ವಾತಂತ್ರ್ಯಕ್ಕೆ ಪ್ರಾಣ ಬೇಕಾದರೂ ಕೊಟ್ಟೇನು
ಎಂದು ಶುರುಮಾಡಿ
"ಆದರೆ" ಎಂಬಲ್ಲಿಗೆ ಬಂದು ನೀರು ಕುಡಿದ.
ಇವತ್ತು ಹೆಣ, ನಾಳೆ ಗುಮ್ಮಟ, ನಾಡಿದ್ದು ಅವರ ಕಾನೂನು.
ಚಪ್ಪಾಳೆಯಲ್ಲಿ ನನ್ನ ಗಂಟೆ ಯಾರಿಗೂ ಕೇಳಿಸಲಿಲ್ಲ.
ನಿಜ ಹೇಳುತ್ತೇನೆ,
ನಾನು ಬಾರಿಸಿದ್ದೂ ಮೆಲ್ಲಗೆ.

"ಹೆಣದ ಮುಖ ಯಾವ ಕಡೆಗಿಡುತ್ತೀರಿ?"
ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು,
ತೋಪಿನ ಬಾಯಿ ಯಾವ ಕಡೆಗೆ ಎಂದು ಕೇಳುವ ದನಿಯಲ್ಲಿ.
ಫಿಕ್ರೆತ್ ಎದ್ದು, ಕಿಟಕಿಯಲ್ಲಿ ರಸ್ತೆಯ ಗುರುತು ಹಿಡಿದು,
ಮೂರು ಬೆರಳಿನ ಕೈ ಚಾಚಿದ. ಈಶಾನ್ಯ.
ಕಾಫಿಯ ಯಂತ್ರ, ಬಾವುಟ,
ಕೆಟಲ್‌ಸನ್ನನ ಎಡಭುಜ, ಗೋಡೆ.
ಅವನು ತೋರಿಸಿದ್ದು ಗೋಡೆಯ ಆಚೆಗೆ.
ಜನ ನೋಡಿದ್ದು ಗೋಡೆಯನ್ನು.

ಹೆಂಡತಿ ಜುಮ್ರಾಳನ್ನು ಪಕ್ಕದ ರಾಜ್ಯದಲ್ಲಿ ಮಣ್ಣು ಮಾಡಿದ್ದಾರೆ,
ಹೋಗಲು ಐದು ಗಂಟೆ, ಬರಲು ಐದು,
ಚಳಿಗಾಲದಲ್ಲಿ ಕೆಲವು ಸಲ ಅರ್ಧದಾರಿಯಲ್ಲೇ ತಿರುಗುವುದು
ಎಂದು ಅವನು ಹೇಳುತ್ತಿರುವಾಗ
ಮೂರು ನಿಮಿಷ ಮುಗಿಯಿತು.
ಬಾರಿಸಿದೆ.
ಈ ಸಲ ಎಲ್ಲರಿಗೂ ಕೇಳಿಸಿತು.

ತೀರ್ಮಾನ: ಅಂತರ್ಜಲದ ವರದಿ ಬರುವತನಕ ಮುಂದೂಡಿಕೆ.
ಪರ ಮೂರು, ವಿರೋಧ ಎರಡು.
ವರದಿ ಬರುವುದು ಮತ ಎಣಿಸಿದ ಮೇಲೆ.
ಎಲ್ಲರಿಗೂ ಗೊತ್ತಿದ್ದರಿಂದ ಅದನ್ನು ಬರೆಯಲಿಲ್ಲ.

ಕುರ್ಚಿ ಮಡಚುವಾಗ ಮುತ್ತಜ್ಜಿ ಓಟೀಲಿಯೆ ನೆನಪಾದಳು.
ಹದಿನೆಂಟನೆಯ ಇಸವಿ, ಜರ್ಮನ್ ಆಡಿದರೆ ದಂಡ ಹಾಕುವ ಕಾಲ.
ಅವಳ ಗಂಡನ ಮಣ್ಣಿಗೆ ಬಂದ ಪಾದ್ರಿಗೆ ಬೇರೆ ಭಾಷೆ ಬಾರದು,
ಗುಂಡಿಯ ಅಂಚಿನಲ್ಲಿ ಮೂಕನಾಗಿ ನಿಂತಿದ್ದನಂತೆ.
ಪ್ರಾರ್ಥನೆಯಿಲ್ಲದೆ ಬಿದ್ದ ಹಿಡಿಮಣ್ಣು
ಯಾರೋ ಬಾಗಿಲು ಬಡಿದ ಹಾಗೆ ಕೇಳಿಸಿತು ಎಂದು
ಸಾಯುವವರೆಗೂ ಹೇಳುತ್ತಿದ್ದಳು.
ಆ ಸ್ಮಶಾನಕ್ಕೆ ಈಗ ನಮ್ಮದೇ ಹೆಸರು.
ಅಲ್ಲಿ ನನಗೂ ಒಂದು ಜಾಗ ಕಾದಿರಿಸಿದೆ.

ಗಂಟೆಯನ್ನು ಮೇಜಿನ ಖಾನೆಗೆ ಹಾಕಿ ಬೀಗ ಜಡಿದೆ.
ಹೊರಗೆ ಫಿಕ್ರೆತ್ ಇನ್ನೂ ಇದ್ದ,
ಕಾರಿನ ಗಾಜಿನ ಮಂಜು ಕೆರೆಯುತ್ತ.
ನನ್ನ ನಾಲಿಗೆಯ ಮೇಲಿದ್ದದ್ದು ಬೇರೆ ಮಾತು.
ಬಂದದ್ದು ಇದು: "ಜಿಂಕೆ ಅಡ್ಡ ಬರುತ್ತವೆ, ನೋಡಿಕೊಂಡು ಹೋಗಿ."
ತಲೆಯಾಡಿಸಿದ.
ಕಾರು ಈಶಾನ್ಯಕ್ಕೇ ತಿರುಗಿತು.
ಅವನ ಮನೆ ಇರುವುದು ಆ ಕಡೆ.