ಕೊರಳಪಟ್ಟಿ

ಕೊರಳಪಟ್ಟಿ ಸುಳ್ಳು ಹೇಳುವುದಿಲ್ಲ
ಅನ್ನುತ್ತಿದ್ದ ನಮ್ಮಪ್ಪ. ಹಳ್ಳದ ಬಂಡೆಯ ಮೇಲೆ
ಗಂಟು ಬಿಚ್ಚಿದರೆ ಸಾಕು, ಕೇರುಬೀಜದ ಗುರುತು ನೋಡದೆ
ಮೂಗಲ್ಲೇ ವಿಂಗಡಿಸುತ್ತಿದ್ದ:
ಇದು ಗೌಡರದು, ನಶ್ಯ. ಇದು ಮೇಷ್ಟರದು, ಸೀಮೆಸುಣ್ಣ.
ಇದು ಬಾಣಂತಿಯದು, ಬೇರೆ ಇಡು.
ಊರಿಗೆಲ್ಲ ಮಡಿ ಒದಗಿಸುವವನು
ಊರ ಜಗಲಿ ಹತ್ತುವ ಹಾಗಿರಲಿಲ್ಲ. ಇರಲಿ.

ವಾಲ್ಸಾಲಿನಲ್ಲಿ ನನ್ನ ಅಂಗಡಿ. ಬೋರ್ಡಿನ ಮೇಲೆ 'ಮ್ಯಾಕ್'.
ಮಾಚಯ್ಯ ಎನ್ನಲು ಇಲ್ಲಿ ನಾಲಿಗೆ ಹೊರಳದು.
ಬಂದ ಹೊಸತರಲ್ಲಿ ಕೋಟುಗಳೆಲ್ಲ ಒಂದೇ ಜಾತಿ:
ಸಿಗರೇಟು, ಬಿಯರು, ಒದ್ದೆ ನಾಯಿ,
ಭಾನುವಾರಕ್ಕೊಂದೇ ಸ್ನಾನ.
ಆ ಕೋಟುಗಳೇ ತುಂಬಿದ ಬಸ್ಸಿನಲ್ಲಿ
ನಾನು ಹತ್ತಿ ಕೂತರೆ ಪಕ್ಕದಾಕೆ
ಮಾತಾಡದೆ ಎದ್ದು ಕಿಟಕಿ ತೆರೆದಳು.
ಜನವರಿಯಲ್ಲಿ.

ಅವತ್ತಿಂದ ಪುಟ್ಟತಾಯಿ
ನನ್ನ ಅಂಗಿಗಳನ್ನೆಲ್ಲ ಬಚ್ಚಲಿಗೆ ಸಾಗಿಸಿ
ಬಾಗಿಲ ಸಂದಿಗೆ ಟವೆಲ್ ತುರುಕಿ
ಆಮೇಲೆ ಸಾಸಿವೆ ಸಿಡಿಸುತ್ತಿದ್ದಳು,
ಕದ್ದು ತಿನ್ನುವವರ ಹಾಗೆ.

ಪಬ್ಬಿನಲ್ಲಿ ಸೇದಬಾರದೆಂದು ಕಾನೂನು ಬಂದ ವರ್ಷ
ಉಣ್ಣೆ ಮೊದಲ ಸಲ ಉಣ್ಣೆಯ ಹಾಗೇ ನಾರಿತು,
ಕುರಿಯ ಹಾಗೆ. ಒಬ್ಬನೇ ನಕ್ಕಿದ್ದೆ.
ಲ್ಯಾವೆಂಡರ್ ಅಜ್ಜಿಯರು ಒಬ್ಬೊಬ್ಬರೇ ಬರುವುದು ಬಿಟ್ಟರು.
'ಯಾವ ಪರಿಮಳವೂ ಬೇಡ, ಆಫೀಸಿನಲ್ಲಿ ಒಬ್ಬಳಿಗೆ ಆಗಿಬರುವುದಿಲ್ಲ'
ಎಂದು ತೋಳಿಗೆ ಚೀಟಿ ಚುಚ್ಚಿ ಕಳಿಸುವವರು ಬಂದರು.

ನಿನ್ನೆ ಕ್ಯಾಲಮ್. ಹದಿನೇಳಿರಬೇಕು,
ಮೀಸೆ ಇನ್ನೂ ಯೋಚನೆಯಲ್ಲಿದೆ.
ಕೌಂಟರಿನ ಮೇಲೆ ಜಾಕೆಟ್ ಹರವಿ,
'ಮಿಸ್ಟರ್ ಮ್ಯಾಕ್, ಕೆಚಪ್ ಕಲೆ ಮಾತ್ರ ತೆಗೀರಿ,
ವಾಸನೆ ಮುಟ್ಟಬೇಡಿ. ಊದ್ ಅದು, ದುಬೈದು.
ಎಂಬತ್ತು ಪೌಂಡು. ಮೂಸಿ ನೋಡಿ.'

ಬಾಗಿದೆ.
ಇವನಿಗಿರಲಿ, ಪುಟ್ಟತಾಯಿಗೂ ಹೇಳಿಲ್ಲ:
ಮೂವತ್ತು ವರ್ಷ ಯಂತ್ರದ ಆವಿ ಕುಡಿದ ಮೂಗು
ಹೋದ ಚಳಿಗಾಲವೇ ಷಟರ್ ಎಳೆದುಕೊಂಡಿತು.
ಕೊರಳಪಟ್ಟಿಯಲ್ಲಿ ಬರೀ ಬಟ್ಟೆ. ಬರೀ ಬಿಸುಪು,
ಹುಡುಗನ ಕತ್ತಿನದು, ಇನ್ನೂ ಆರಿರಲಿಲ್ಲ.

ಹಳೆಯದೊಂದನ್ನು ತಡಕಿ ತೆಗೆದೆ:
ಅತ್ತರಿನ ಸಾಬರು ಕೂಲಿ ಕೊಟ್ಟ ಮೇಲೆ
ಅಪ್ಪನ ಮುಂಗೈ ಹಿಡಿದು, ಹಿಡಿದುಕೊಂಡೇ,
ಸವರಿದ ಒಂದು ಹನಿ.
ಎರಡು ದಿನ ಆ ಕೈ ನೀರಿಗೆ ಇಳಿಯಲಿಲ್ಲ.
ಇಡೀ ಊರಿನ ಬಟ್ಟೆ
ಒಂದೇ ಕೈಯಲ್ಲಿ ಬಡಿದ ಅಪ್ಪ.

'ಭೇಷ್' ಅಂದೆ. ಕ್ಯಾಲಮ್ ಅರಳಿದ.
'ಬಸ್ಸಲ್ಲಿ ಎಲ್ಲ ತಿರುಗಿ ನೋಡ್ತಾರೆ!'
ನೋಡ್ತಾರೆ, ಅಂದೆ.
ಗುರುವಾರ ಬಾ ಎಂದು ರಸೀದಿ ಹರಿದುಕೊಟ್ಟೆ.

ಮೇಲಿನಿಂದ ಸಾಸಿವೆಯ ಸದ್ದು.
ಹನ್ನೆರಡಾಯಿತು ಅಂತ ಕಿವಿ ಹೇಳಿತು.
ಬಚ್ಚಲ ಬಾಗಿಲು ಈಗ ಅವಳು ಹಾಕುವುದಿಲ್ಲ.